ಜ್ವರ ಬಂದವರೆಷ್ಟು, ಊರಾಗಿನವರೆಷ್ಟು?

2021ರ ನವೆಂಬರ್‌ನಲ್ಲಿ ಧಾರವಾಡದ ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜಿನ ಹೆಸರು ದೇಶದ ಸುದ್ದಿವಾಹಿನಿಗಳಲ್ಲೆಲ್ಲ ಓಡಾಡಿತು. ಕಾಲೇಜಿನ ಒಂದು ಸಮಾರಂಭದ ಬೆನ್ನಿಗೇ ಕೋವಿಡ್ ಹಬ್ಬಿ, ಕೆಲವೇ ದಿನಗಳಲ್ಲಿ ಸೋಂಕಿತರ ಸಂಖ್ಯೆ ಮುನ್ನೂರರ ಹತ್ತಿರ ಹೋಯಿತು. ಅವರಲ್ಲಿ ಹೆಚ್ಚಿನವರು ಎರಡೂ ಡೋಸ್ ಹಾಕಿಸಿಕೊಂಡಿದ್ದವರು. ನಮ್ಮ ಹಳ್ಳಿಗಳ ಚಹಾದಂಗಡಿಗಳಲ್ಲಿ ಆಗ ಕೇಳಿಬರುತ್ತಿದ್ದ ಮಾತು ಒಂದೇ: "ಸೂಜಿ ಮಾಡಿಸ್ಕೊಂಡಾವ್ರಿಗೇ ಬಂತಲ್ಲಪಾ, ಮತ್ತ್ಯಾಕ ಬೇಕಿತ್ತು ಆ ಸೂಜಿ?"

ಪ್ರಶ್ನೆಯಲ್ಲಿ ದಡ್ಡತನವೇನೂ ಇಲ್ಲ. ಆದರೆ ಅದಕ್ಕೆ ಉತ್ತರ ವಾದದಿಂದ ಸಿಗುವುದಿಲ್ಲ, ಲೆಕ್ಕ ಹಾಕಬೇಕು. ಒಂದು ಊರಿನಲ್ಲಿ ಸಾವಿರ ಮಂದಿ ಇದ್ದಾರೆ ಎಂದುಕೊಳ್ಳಿ. 900 ಮಂದಿ ಲಸಿಕೆ ಹಾಕಿಸಿಕೊಂಡಿದ್ದಾರೆ, 100 ಮಂದಿ ಒಲ್ಲೆ ಅಂದಿದ್ದಾರೆ. ರೋಗ ಬಂತು. ಹಾಕಿಸಿಕೊಂಡವರಲ್ಲಿ 45, ಒಲ್ಲೆ ಅಂದವರಲ್ಲಿ 20 ಮಂದಿ ಹಾಸಿಗೆ ಹಿಡಿದರು. ಒಟ್ಟು 65 ರೋಗಿಗಳಲ್ಲಿ 45 ಮಂದಿ ಲಸಿಕೆಯವರೇ ಆದ್ದರಿಂದ ದವಾಖಾನೆಯ ವಾರ್ಡಿನಲ್ಲಿ ನಿಂತು ನೋಡಿದವರಿಗೆ ಲಸಿಕೆ ಸೋತಂತೆ ಕಾಣುತ್ತದೆ. ವಾರ್ಡು ಬಿಟ್ಟು ಊರಿಗೆ ಬನ್ನಿ. 900ಕ್ಕೆ 45 ಅಂದರೆ ನೂರಕ್ಕೆ ಐದು. 100ಕ್ಕೆ 20 ಅಂದರೆ ನೂರಕ್ಕೆ ಇಪ್ಪತ್ತು. ಲಸಿಕೆ ಇಲ್ಲದವರಿಗೆ ರೋಗ ನಾಲ್ಕು ಪಟ್ಟು ಹೆಚ್ಚು ಬಂದಿದೆ.

ನವಲಗುಂದದ ರೈತರೊಬ್ಬರು "ಈ ಸಲ ನಲವತ್ತು ಚೀಲ ಕಡ್ಲಿ ಆತು" ಅಂದರೆ ಪಕ್ಕದವರು ಕೇಳುವ ಮೊದಲ ಮಾತು "ಎಷ್ಟು ಎಕರೆಕ್ಕ?" ಎಂದೇ. ಎಕರೆ ಗೊತ್ತಾಗದೆ ಆ ನಲವತ್ತು ಚೀಲ ಒಳ್ಳೆಯ ಬೆಳೆಯೋ ಕೆಟ್ಟ ಬೆಳೆಯೋ ಹೇಳಲು ಬರುವುದಿಲ್ಲ. ರೋಗದ ಸುದ್ದಿ ಬಂದಾಗ ಮಾತ್ರ ನಾವು ಚೀಲ ಎಣಿಸಿ ಸುಮ್ಮನಾಗುತ್ತೇವೆ. ಎಕರೆ ಕೇಳುವುದನ್ನೇ ವೃತ್ತಿ ಮಾಡಿಕೊಂಡವರು ಎಪಿಡೆಮಿಯಾಲಜಿಸ್ಟ್‌ಗಳು. ಪತ್ರಿಕೆಗಳು ಅವರನ್ನು ಸಾಂಕ್ರಾಮಿಕ ರೋಗ ತಜ್ಞರು ಅನ್ನುತ್ತವೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಮಕ್ಕಳು ಈ ವೃತ್ತಿಗೆ ಹೆಚ್ಚಿನ ಸಂಖ್ಯೆಯಲ್ಲಿ ಹೋಗಬೇಕು, ಹೋಗಲು ಅವರಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲವಿದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಸತ್ತೂರಿನಲ್ಲಿ ಎದ್ದ ಪ್ರಶ್ನೆ ಪಕ್ಕದ ಹುಬ್ಬಳ್ಳಿಗೆ ಹೊಸದಲ್ಲ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗ್ ಒಂದೆರಡು ವರ್ಷಗಳಲ್ಲಿ ನಮ್ಮ ಕಡೆಗೂ ಇಳಿಯಿತು. ರೈಲು, ಹತ್ತಿ, ಕಾಳುಕಡಿಯ ವ್ಯಾಪಾರದ ಹುಬ್ಬಳ್ಳಿ ಅದರ ಬಾಯಿಗೆ ಸಿಕ್ಕಿತು. ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಕೊಂಡಿದ್ದರು. ಮರುವರ್ಷ, 1898ರಲ್ಲಿ, ಸರ್ಜನ್ ಕ್ಯಾಪ್ಟನ್ ಲ್ಯೂಮನ್ ಎಂಬ ವೈದ್ಯರ ಉಸ್ತುವಾರಿಯಲ್ಲಿ ಹುಬ್ಬಳ್ಳಿಯ ಹತ್ತಾರು ಸಾವಿರ ಜನರಿಗೆ ಅದನ್ನು ಹಾಕಲಾಯಿತು. ಲಸಿಕೆ ಫಲಿಸಿತೋ ಇಲ್ಲವೋ ಎಂದು ಮುಂದೆ ಇಂಡಿಯನ್ ಪ್ಲೇಗ್ ಕಮಿಷನ್ ಹುಬ್ಬಳ್ಳಿಯ ಅಂಕಿಗಳನ್ನೂ ಜಾಲಾಡಿ ನೋಡಿತು.

ಆ ಲೆಕ್ಕ ಯಾಕೆ ಕಷ್ಟದ್ದು ಎಂದು ತಿಳಿದರೆ ಈ ವೃತ್ತಿಯ ಅರ್ಧ ತಿಳಿದಂತೆ. ವಾರ ವಾರಕ್ಕೆ ಸೂಜಿ ಮಾಡಿಸಿಕೊಂಡವರು ಹೆಚ್ಚುತ್ತಿದ್ದರು, ಮಾಡಿಸಿಕೊಳ್ಳದವರು ಕಡಿಮೆಯಾಗುತ್ತಿದ್ದರು. ಇದರ ನಡುವೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು, ಪರವೂರಿಗೆ ಹೋಗುತ್ತಿದ್ದರು. ವರ್ಷದ ಕೊನೆಗೆ ಕೂತು "ಸತ್ತವರಲ್ಲಿ ಸೂಜಿಯವರೆಷ್ಟು" ಎಂದು ಎಣಿಸಿದರೆ ಏನೂ ಹೊರಡುವುದಿಲ್ಲ. ಒಂದೊಂದು ವಾರವೂ ಆ ವಾರ ಊರಲ್ಲಿದ್ದವರು ಎಷ್ಟು, ಅವರಲ್ಲಿ ಲಸಿಕೆಯವರು ಎಷ್ಟು, ಇಲ್ಲದವರು ಎಷ್ಟು ಎಂದು ಬೇರೆ ಬೇರೆ ಬರೆದಿಡಬೇಕು. ಇನ್ನೊಂದು ತೊಡಕು: ಮುಂದೆ ಬಂದು ಸೂಜಿ ಮಾಡಿಸಿಕೊಂಡವರು ಉಳಿದವರಂಥವರೇ ಆಗಿದ್ದರೇ? ಇಲಿ ಕಡಿಮೆಯಿದ್ದ ಮನೆಯವರೇ ಹೆಚ್ಚಾಗಿ ಬಂದಿದ್ದರೆ ಲಸಿಕೆಯ ಕೀರ್ತಿಯಲ್ಲಿ ಮನೆಗೂ ಪಾಲು ಸೇರಿಬಿಡುತ್ತದೆ. ಕಂಪ್ಯೂಟರ್ ಬಂದ ಮೇಲೂ ಈ ಎರಡು ತೊಡಕು ಹಾಗೇ ಉಳಿದಿವೆ. 1898ರ ಹುಬ್ಬಳ್ಳಿಯಲ್ಲೂ 2021ರ ಸತ್ತೂರಿನಲ್ಲೂ ಕೇಳಬೇಕಾಗಿದ್ದ ಪ್ರಶ್ನೆ ಒಂದೇ ಆಗಿತ್ತು.

ಯಾರಿಗೆ, ಎಲ್ಲಿ, ಯಾವಾಗ. ಎಪಿಡೆಮಿಯಾಲಜಿಸ್ಟ್ ಊರೊಳಗೆ ಕಾಲಿಡುವಾಗ ಕೈಯಲ್ಲಿರುವುದು ಈ ಮೂರು ಪ್ರಶ್ನೆ. 2010ರಲ್ಲಿ ಅಣ್ಣಿಗೇರಿಯಲ್ಲಿ ಚರಂಡಿ ಅಗೆಯುವಾಗ ನೂರಾರು ತಲೆಬುರುಡೆಗಳು ಸಾಲಾಗಿ ಹೊರಬಿದ್ದದ್ದು ಅನೇಕರಿಗೆ ನೆನಪಿರಬಹುದು. 1790ರ ದಶಕದ ಡೋಗಿ ಬರದಲ್ಲಿ ಸತ್ತವರದ್ದಿರಬೇಕು ಎಂದು ಮೊದಲು ಊಹಿಸಿದರು. ಇಂಗಾಲ ಪರೀಕ್ಷೆಯಾದಾಗ ಆರುನೂರು ವರ್ಷಕ್ಕೂ ಹಳೆಯವು ಎಂದು ಬಂತು, ಊಹೆ ಬಿದ್ದುಹೋಯಿತು. "ಯಾವಾಗ" ಎಂಬ ಒಂದು ಉತ್ತರ ಬದಲಾದರೆ ಕಥೆಯೇ ಬದಲಾಗುತ್ತದೆ.

ಇನ್ನು ಕೆಲಸ ಹೇಗೆ ನಡೆಯುತ್ತದೆ ಎಂದು ಹತ್ತಿರದಿಂದ ನೋಡೋಣ. ಮುಂಗಾರಿನ ಮೊದಲ ವಾರ, ಅಣ್ಣಿಗೇರಿ ತಾಲ್ಲೂಕಿನ ಒಂದು ಊರು ಎಂದಿಟ್ಟುಕೊಳ್ಳಿ. 1,200 ಜನ. ಮೂರು ದಿನಗಳಲ್ಲಿ 48 ಮಂದಿಗೆ ವಾಂತಿಭೇದಿ. ಸುದ್ದಿ ಮೊದಲು ಮುಟ್ಟುವುದು ಆಶಾ ಕಾರ್ಯಕರ್ತೆಗೆ. ಅವರಿಂದ ಸಬ್‌ಸೆಂಟರಿನ ಸಿಸ್ಟರಿಗೆ, ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ), ತಾಲ್ಲೂಕು ಆರೋಗ್ಯಾಧಿಕಾರಿಗೆ, ಧಾರವಾಡದ ಜಿಲ್ಲಾ ಸರ್ವೇಕ್ಷಣಾ ಘಟಕಕ್ಕೆ. ಡಾಕ್ಟರು ಸಲೈನ್ ಹಚ್ಚುವುದರಲ್ಲಿರುವಾಗ ಎಪಿಡೆಮಿಯಾಲಜಿಸ್ಟ್ ಒಂದು ಹಾಳೆಯಲ್ಲಿ ಗೆರೆ ಎಳೆದು ಲೈನ್‌ಲಿಸ್ಟ್ ಶುರು ಮಾಡುತ್ತಾರೆ. ಹೆಸರು, ವಯಸ್ಸು, ಓಣಿ, ಮೊದಲ ಸಲ ಭೇದಿಯಾದ ದಿನ ಮತ್ತು ಹೊತ್ತು, ಎಲ್ಲಿ ಉಂಡರು, ಎಲ್ಲಿಯ ನೀರು ಕುಡಿದರು. ಒಬ್ಬರಿಗೆ ಒಂದು ಸಾಲು.

"ಏನ ಉಂಡಿದ್ರಿ?" ಎಂದು ಸುಮ್ಮನೆ ಕೇಳಿದರೆ "ದಿನಾ ಉಣ್ಣೂದ ಉಂಡೀವ್ರಿ" ಎಂಬ ಉತ್ತರ ಬರುತ್ತದೆ. ಅದರಿಂದ ಉಪಯೋಗವಿಲ್ಲ. ಬಲ್ಲವರು ಹೊತ್ತು ಹಿಡಿದು ಕೇಳುತ್ತಾರೆ: "ಸೋಮವಾರ ಮಧ್ಯಾಹ್ನ ಹೊಲಕ್ಕ ಬುತ್ತಿ ಒಯ್ದಿದ್ರೇನವ್ವಾ? ನೀರು ಮನ್ಯಾಗಿಂದೋ, ಅಲ್ಲೇ ಹಳ್ಳದ್ದೋ?" ಆಗ ನೆನಪು ಬಿಚ್ಚಿಕೊಳ್ಳುತ್ತದೆ. ಆರೋಗ್ಯವಾಗಿರುವ ಮನೆಗಳಿಗೂ ಹೋಗಿ ಇವೇ ಪ್ರಶ್ನೆ ಕೇಳಬೇಕು. "ನಮಗೇನೂ ಆಗಿಲ್ಲಲ್ರಿ, ನಮ್ಮನ್ಯಾಕ ಕೇಳ್ತೀರಿ?" ಎನ್ನುವವರಿಗೆ ತಾಳ್ಮೆಯಿಂದ ಕಾರಣ ಹೇಳಬೇಕು. ರೋಗ ಬಾರದವರ ಉತ್ತರವಿಲ್ಲದೆ ರೋಗ ಬಂದವರ ಉತ್ತರಕ್ಕೆ ಬೆಲೆಯಿಲ್ಲ.

ಸಂಜೆಗೆ ಹಾಳೆ ತುಂಬುತ್ತದೆ. ಕೆಳಗಿನ ಓಣಿಯ 400 ಮಂದಿಯಲ್ಲಿ 36 ಕೇಸು, ಅಂದರೆ ನೂರಕ್ಕೆ ಒಂಬತ್ತು. ಮೇಲಿನ ಓಣಿಯ 800ರಲ್ಲಿ 12, ಅಂದರೆ ನೂರಕ್ಕೆ ಒಂದೂವರೆ. ಆರು ಪಟ್ಟು ಅಂತರ. ಎರಡು ಓಣಿಗೂ ನೀರಿನ ಪೈಪು ಬೇರೆ ಬೇರೆ. ಇಲ್ಲಿಗೇ ನಿಲ್ಲಿಸಿದರೆ ಕೆಲಸ ಅರ್ಧವಾಯಿತು. ಮೇಲಿನ ಓಣಿಯ ಆ 12 ಮಂದಿಗೆ ಯಾಕೆ ಬಂತು? ಹಾಳೆ ನೋಡಿದರೆ ಒಂಬತ್ತು ಮಂದಿ ಸಣ್ಣ ಮಕ್ಕಳು. ಅಂಗನವಾಡಿ ಕೆಳಗಿನ ಓಣಿಯಲ್ಲಿದೆ, ಅಲ್ಲಿ ನೀರು ಕುಡಿದಿದ್ದಾರೆ. ಒಪ್ಪದ ಕೇಸುಗಳೇ ಒಮ್ಮೊಮ್ಮೆ ಅನುಮಾನವನ್ನು ಗಟ್ಟಿ ಮಾಡುತ್ತವೆ. ಮರುದಿನ ಪೈಪಿನ ಗುಂಟ ನಡೆಯುತ್ತ ಹೋದರೆ ವಾಲ್ವಿನ ಗುಂಡಿಯಲ್ಲಿ ಗಟಾರದ ನೀರು ನಿಂತಿದೆ. ನಳದ ನೀರಿಗೆ ಓಟಿ ದ್ರಾವಣದ ಹನಿ ಹಾಕುತ್ತಾರೆ. ಕ್ಲೋರಿನ್ ಇದ್ದರೆ ನೀರು ಹಳದಿಗೆ ತಿರುಗಬೇಕು, ಇಲ್ಲಿ ತಿರುಗುವುದಿಲ್ಲ. ಸಣ್ಣ ಎಚ್‌ಟುಎಸ್ ಬಾಟಲಿಯಲ್ಲಿ ತುಂಬಿಟ್ಟ ನೀರು ಒಂದೆರಡು ದಿನದೊಳಗೆ ಕಪ್ಪಾಗುತ್ತದೆ. ಆ್ಯಂಟಿಬಯಾಟಿಕ್ ಕೊಡುವ ಮೊದಲೇ ಐದಾರು ರೋಗಿಗಳ ಮಲದ ಸ್ಯಾಂಪಲ್ ಲ್ಯಾಬಿಗೆ ಹೋಗಿರಬೇಕು, ತಡವಾದರೆ ರೋಗಾಣು ಸಿಗುವುದಿಲ್ಲ. ಇನ್ನು ಪೈಪಿನ ದುರಸ್ತಿಗೆ ಲ್ಯಾಬಿನ ವರದಿ ಬರುವವರೆಗೆ ಕಾಯಬೇಕಿಲ್ಲ. ಲೈನ್‌ಲಿಸ್ಟ್ ಹೇಳಿದ್ದು ಸಾಕು. ರೋಗಾಣುವಿನ ಹೆಸರು ಗೊತ್ತಾಗುವ ಮೊದಲೇ ರೋಗ ನಿಲ್ಲಿಸಬಹುದು. ಈ ವೃತ್ತಿಯಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಇದೇ.

ನಮ್ಮ ಜಿಲ್ಲೆ ಈ ವಿದ್ಯೆಯ ಒಂದು ದೊಡ್ಡ ಪ್ರಯೋಗಕ್ಕೂ ನೆಲವಾಗಿತ್ತು. ಅದು ನಮ್ಮ ಶಾಲೆಗಳಲ್ಲಿ ಕಿವಿಗೆ ಬೀಳುವುದೇ ಇಲ್ಲ. 1946ರಲ್ಲಿ, ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿದ್ದಾಗ, ಮಲೇರಿಯಾ ಸಂಶೋಧಕರಾದ ಡಿ.ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಕೂಡಿ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಗೋಡೆಗಳಿಗೆ ಡಿಡಿಟಿ ಸಿಂಪಡಿಸಿ ಮಲೇರಿಯಾ ಹತೋಟಿ ಮಾಡಲು ಹೊರಟರು. ಗದಗ, ಹಾವೇರಿ ಕೂಡ ಆಗ ಧಾರವಾಡ ಜಿಲ್ಲೆಯೊಳಗೇ ಇದ್ದವು. ಮೊದಲ ವರ್ಷದ ಫಲಿತಾಂಶವನ್ನು 1947ರಲ್ಲಿ ಇಂಡಿಯನ್ ಜರ್ನಲ್ ಆಫ್ ಮಲೇರಿಯಾಲಜಿಯಲ್ಲಿ ಪ್ರಕಟಿಸಿದರು. ಹಳ್ಳಿಗಾಡಿನಲ್ಲಿ ಡಿಡಿಟಿಯ ಕೆಲಸವನ್ನು ಅಳೆದು ನೋಡಿದ ಭಾರತದ ಮೊದಮೊದಲ ಪ್ರಯತ್ನಗಳಲ್ಲಿ ಅದೂ ಒಂದು.

ಆ ಕಾಲದಲ್ಲಿ ಒಂದು ಊರಲ್ಲಿ ಮಲೇರಿಯಾ ಎಷ್ಟಿದೆ ಎಂದು ಅಳೆಯಲು ಮಲೇರಿಯಾದವರು ಮಕ್ಕಳ ಹೊಟ್ಟೆ ಮುಟ್ಟಿ ನೋಡುತ್ತಿದ್ದರು. ಎರಡರಿಂದ ಒಂಬತ್ತು ವರ್ಷದ ಮಕ್ಕಳನ್ನು ಸಾಲಾಗಿ ಕರೆದು, ಎಡ ಪಕ್ಕೆಲುಬಿನ ಅಂಚಿನ ಕೆಳಗೆ ಬೆರಳಿಟ್ಟು, "ಉಸುರು ಜಗ್ಗಪಾ" ಅನ್ನುವುದು. ಪದೇಪದೇ ಚಳಿಜ್ವರ ಬಂದ ಮಗುವಿನ ಗುಲ್ಮ ಊದಿ, ಉಸಿರೆಳೆದಾಗ ಕೆಳಗಿಳಿದು ಬೆರಳಿಗೆ ತಾಗುತ್ತದೆ. ನೂರು ಮಕ್ಕಳಲ್ಲಿ ಎಷ್ಟು ಮಕ್ಕಳಿಗೆ ಹಾಗೆ ತಾಗಿತು ಎಂಬುದು ಆ ಊರಿನ ಸ್ಪ್ಲೀನ್ ರೇಟ್. ಯಂತ್ರ ಬೇಡ, ಖರ್ಚು ಇಲ್ಲ, ಒಂದು ಮುಂಜಾನೆಯಲ್ಲಿ ಒಂದು ಊರು ಮುಗಿಯುತ್ತದೆ. ಇನ್ನೂ ನಾಜೂಕಿನ ಅಳತೆಯೆಂದರೆ ಹಾಲುಗೂಸುಗಳ ರಕ್ತ. ಔಷಧ ಸಿಂಪಡಿಸಿದ ಮೇಲೆ ಹುಟ್ಟಿದ ಕೂಸುಗಳ ರಕ್ತದಲ್ಲಿ ಮಲೇರಿಯಾ ಪರಾವಲಂಬಿ ಸಿಗದಿದ್ದರೆ ಆ ಊರಲ್ಲಿ ರೋಗ ಹರಡುವುದು ನಿಂತಿದೆ ಎಂದು ಧೈರ್ಯವಾಗಿ ಹೇಳಬಹುದು. ಹಳೆಯ ಜ್ವರದ ಗುರುತು ಅವಕ್ಕೆ ಇರುವುದೇ ಇಲ್ಲವಲ್ಲ. ಸಿಂಪಡಿಸದ ಊರುಗಳ ಲೆಕ್ಕವೂ ಪಕ್ಕದಲ್ಲಿರಬೇಕು. ಇಲ್ಲವಾದರೆ ಜ್ವರ ಇಳಿದದ್ದು ಔಷಧದಿಂದಲೋ ಮಳೆ ಕೈಕೊಟ್ಟಿದ್ದರಿಂದಲೋ ತಿಳಿಯುವುದಿಲ್ಲ.

ಸೊಳ್ಳೆಗೂ ಜಾತಿಯುಂಟು. ಮಲೆನಾಡಿನ ಸೆರಗಿನ ಹಳ್ಳಗಳಲ್ಲಿ ಮೆಲ್ಲಗೆ ಹರಿಯುವ ನೀರಿನ ಅಂಚಿನ ಹುಲ್ಲಿನಲ್ಲಿ ಅನಾಫಿಲಿಸ್ ಫ್ಲುವಿಯಾಟಿಲಿಸ್ ಮರಿ ಮಾಡುತ್ತದೆ, ಬಯಲುಸೀಮೆಯಲ್ಲಿ ಅನಾಫಿಲಿಸ್ ಕ್ಯೂಲಿಸಿಫೇಸಿಸ್ ಆ ಕೆಲಸ ಮಾಡುತ್ತದೆ. ಕಲಘಟಗಿಯ ಭತ್ತದ ಗದ್ದೆಗೂ ನವಲಗುಂದದ ಎರೆಹೊಲಕ್ಕೂ ಒಂದೇ ಮದ್ದು ನಡೆಯುವುದಿಲ್ಲ ಎಂಬುದು ಹೀಗೆ ತಿಳಿದ ವಿಷಯ. ರಾಮಚಂದ್ರ ರಾವ್ ಮುಂದೆ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ನಿರ್ದೇಶಕರಾದರು, ಭಾರತದ ಅನಾಫಿಲಿಸ್ ಸೊಳ್ಳೆಗಳ ಮೇಲೆ ದೊಡ್ಡ ಗ್ರಂಥ ಬರೆದರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತ, ಕಾಡಿಗೆ ಹೋಗಿಬಂದವರು ಜ್ವರದಿಂದ ಮಲಗಿದಾಗ, ಅದು ಉಣುಗಿನಿಂದ ಹರಡುವ ಹೊಸ ವೈರಸ್ ಎಂದು ಪತ್ತೆ ಮಾಡಿದ್ದು ಆ ಕೇಂದ್ರವೇ. ಮಂಗಗಳು ಸಾಯುತ್ತಿವೆ ಎಂದು ಮೊದಲು ಕಂಡಿದ್ದು ಊರಿನವರು. ಅದನ್ನು ತಳ್ಳಿಹಾಕದೆ ದಿನಾಂಕ, ಜಾಗ ಸಮೇತ ಬರೆದುಕೊಂಡದ್ದು ಸಂಶೋಧಕರ ದೊಡ್ಡತನ.

ಸ್ವಾತಂತ್ರ್ಯ ಬಂದಾಗ ಭಾರತದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಮಲೇರಿಯಾ ಪ್ರಕರಣ, 8 ಲಕ್ಷ ಸಾವು ಎಂಬ ಅಂದಾಜಿತ್ತು. 1953ರಲ್ಲಿ ರಾಷ್ಟ್ರೀಯ ಹತೋಟಿ ಕಾರ್ಯಕ್ರಮ ಶುರುವಾಗಿ, 1965ರ ಹೊತ್ತಿಗೆ ಪ್ರಕರಣ ಒಂದು ಲಕ್ಷಕ್ಕೆ ಇಳಿಯಿತು. ಗೆದ್ದೆವು ಎಂದು ಕಾವಲು ಸಡಿಲವಾಯಿತು. ಸೊಳ್ಳೆಗಳು ಡಿಡಿಟಿಗೆ ಪಳಗಿದವು, ಔಷಧಕ್ಕೂ ಹಣಕ್ಕೂ ಕೊರತೆ ಬಿತ್ತು. 1976ರಲ್ಲಿ ಮತ್ತೆ 64 ಲಕ್ಷ.

ಹಾಗಾಗಿ ಕಾವಲು ಈ ವೃತ್ತಿಯ ದಿನನಿತ್ಯದ ಕೆಲಸ. 2004ರಿಂದ ದೇಶದಲ್ಲಿ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆ, ಅಂದರೆ ಐಡಿಎಸ್‌ಪಿ, ಇದೆ. ಸಬ್‌ಸೆಂಟರಿನವರು ಲಕ್ಷಣ ನೋಡಿ ತುಂಬುವುದು ಎಸ್ ಫಾರ್ಮ್, ಡಾಕ್ಟರು ಅಂದಾಜಿಸಿ ತುಂಬುವುದು ಪಿ, ಲ್ಯಾಬಿನದು ಎಲ್. ಮೊದಲು ವಾರಕ್ಕೊಮ್ಮೆ ಕಾಗದದಲ್ಲಿ ಹೋಗುತ್ತಿದ್ದ ಈ ಮಾಹಿತಿ ಈಗ ಐಎಚ್‌ಐಪಿ ಎಂಬ ಪೋರ್ಟಲ್ಲಿಗೆ ನೇರವಾಗಿ ಏರುತ್ತದೆ. 2018ರಲ್ಲಿ ಅದನ್ನು ಮೊದಲು ಪ್ರಯೋಗಕ್ಕೆ ತಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಏನೂ ಇಲ್ಲದಾಗ "ನಿಲ್" ಎಂದು ಬರೆಯಬೇಕು. ನೋಡಿ ಬರೆದ ಸೊನ್ನೆಗೂ ನೋಡದೆ ಬರೆದ ಸೊನ್ನೆಗೂ ಅಂತರ ಹೇಗೆ ತಿಳಿಯುವುದು? ಪೋಲಿಯೊದವರು ಇದಕ್ಕೊಂದು ಸೊಗಸಾದ ಉಪಾಯ ಮಾಡಿದ್ದರು. ಪೋಲಿಯೊ ಇರಲಿ ಬಿಡಲಿ, ಹದಿನೈದು ವರ್ಷದೊಳಗಿನ ಯಾವುದೇ ಮಗುವಿನ ಕೈಕಾಲು ಹಠಾತ್ತನೆ ಬಲ ಕಳೆದುಕೊಂಡರೆ ವರದಿ ಮಾಡಬೇಕು, ಎರಡು ಸಲ ಮಲದ ಸ್ಯಾಂಪಲ್ ಕಳಿಸಬೇಕು. ಬೇರೆ ಕಾರಣಗಳಿಂದ ಹೀಗಾಗುವ ಮಕ್ಕಳು ಎಲ್ಲ ಕಡೆಯೂ ಇದ್ದೇ ಇರುತ್ತಾರೆ. ಲಕ್ಷ ಮಕ್ಕಳಿಗೆ ವರ್ಷಕ್ಕೆ ಅಂಥ ಎರಡಾದರೂ ಕೇಸು ಬಾರದ ಜಿಲ್ಲೆ ಸರಿಯಾಗಿ ಹುಡುಕುತ್ತಿಲ್ಲ ಎಂದೇ ತೀರ್ಮಾನ. ಭಾರತದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿ 13ರಂದು ಹೌರಾದಲ್ಲಿ ಕಂಡಿತು, 2014ರ ಮಾರ್ಚ್‌ನಲ್ಲಿ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ನಡುವಿನ ಮೂರು ವರ್ಷದ ಸೊನ್ನೆಯನ್ನು ಜಗತ್ತು ನಂಬಿದ್ದು ಈ ಹುಡುಕಾಟದಿಂದ.

ಈ ತಜ್ಞರ ಕೆಲಸ ಅಂಟುರೋಗಕ್ಕೆ ಮುಗಿಯುವುದಿಲ್ಲ. ಎರೆಭೂಮಿಯಲ್ಲಿ ಹಾವು ಕಚ್ಚಿ ಸಾಯುವವರ ಲೆಕ್ಕ ಯಾರ ಹತ್ತಿರವಿದೆ? ದವಾಖಾನೆ ಮುಟ್ಟುವ ಮೊದಲೇ ಪ್ರಾಣ ಹೋದರೆ ದವಾಖಾನೆಯ ದಫ್ತರಿನಲ್ಲಿ ಆ ಸಾವು ಇರುವುದಿಲ್ಲ. ರಿಜಿಸ್ಟ್ರಾರ್ ಜನರಲ್ ಕಚೇರಿಯ ಜೊತೆ ಎಪಿಡೆಮಿಯಾಲಜಿಸ್ಟ್ ಪ್ರಭಾತ್ ಝಾ ಮತ್ತಿತರರು ನಡೆಸಿದ ಮಿಲಿಯನ್ ಡೆತ್ ಸ್ಟಡಿ ಸಾವಾದ ಮನೆಗಳಿಗೇ ಹೋಯಿತು. ತರಬೇತಿ ಪಡೆದ, ಡಾಕ್ಟರಲ್ಲದ ಕಾರ್ಯಕರ್ತರು ಮನೆಯವರ ಎದುರು ಕೂತು, ಕೊನೆಯ ದಿನಗಳು ಹೇಗಿದ್ದವೆಂದು ಕೇಳಿ, ಅವರ ಭಾಷೆಯಲ್ಲೇ ಬರೆದುಕೊಂಡರು. ಆ ಬರಹವನ್ನು ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಓದಿ ಕಾರಣ ಗುರುತಿಸಿದರು. ಅದರ ಆಧಾರದಲ್ಲಿ 2020ರಲ್ಲಿ ಬಂದ ಅಂದಾಜು: ಭಾರತದಲ್ಲಿ ವರ್ಷಕ್ಕೆ ಸುಮಾರು 58,000 ಮಂದಿ ಹಾವು ಕಚ್ಚಿ ಸಾಯುತ್ತಾರೆ. ಸರ್ಕಾರಿ ದಾಖಲೆಯಲ್ಲಿದ್ದದ್ದು ಅದರ ಸಣ್ಣ ಪಾಲು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಯಾವ ತಾಲ್ಲೂಕಿನಲ್ಲಿ ಯಾವ ತಿಂಗಳು ಎಷ್ಟು ಕಡಿತ ಎಂದು ತಿಳಿದರೆ ತಾನೇ ಔಷಧದ ಬಾಟಲಿ ಯಾವ ಪಿಎಚ್‌ಸಿಯಲ್ಲಿ ಎಷ್ಟಿರಬೇಕು ಎಂದು ಹೇಳಲು ಬರುವುದು?

ಹಳ್ಳಿಯ ಮಕ್ಕಳಿಗೆ ಇರುವ ಅನುಕೂಲ ಅಂದೆನಲ್ಲ, ಅದು ಇಲ್ಲಿದೆ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳ ಮುಂದೆ ಕೂತು ಆಕೆ ಬಾಯಿ ತೆರೆಯುವಂತೆ ಮಾತಾಡುವುದನ್ನು ಯಾವ ವಿಶ್ವವಿದ್ಯಾಲಯವೂ ಎರಡು ವರ್ಷದಲ್ಲಿ ಕಲಿಸಲಾರದು. ಹತ್ತಿ ಬಿಡಿಸುವ ಕಾಲ ಯಾವುದು, ಕುರಿ ಹಿಂಡು ಯಾವ ತಿಂಗಳು ಯಾವ ದಾರಿ ಹಿಡಿಯುತ್ತದೆ, ನಳಕ್ಕೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬ್ಯಾರಲ್ಲಿನಲ್ಲಿ ಎಷ್ಟು ದಿನ ನಿಲ್ಲುತ್ತದೆ ಎಂಬುದು ಅವರಿಗೆ ಹೇಳಿಕೊಡದೇ ಗೊತ್ತು. ಡೆಂಗಿ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಷ್ಟು ಸಮಯ ಸಾಕು. ಎಂಟು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ "ನೀರು ಕೂಡಿಡಬೇಡಿ" ಎಂದು ಕರಪತ್ರ ಹಂಚಿ ಉಪಯೋಗವಿಲ್ಲ, ಬ್ಯಾರಲ್ಲಿಗೆ ಅರಿವೆ ಬಿಗಿಯುವುದನ್ನು ಹೇಳಬೇಕು ಎಂದು ಆ ಊರಿನ ಮಗಳಿಗೆ ಹೊಳೆಯುತ್ತದೆ. ವಿಜಯಪುರದಲ್ಲಿ ಡಾ. ಬಿ.ಜಿ. ಮಂಟೂರ ಮತ್ತು ಸಂಗಡಿಗರು ಜ್ವರದ ಮಕ್ಕಳಲ್ಲಿ ಬ್ರುಸೆಲ್ಲಾ ರೋಗಾಣುವನ್ನು ಹುಡುಕಿ 2004ರಲ್ಲಿ ಪ್ರಕಟಿಸಿದರು. ಕುರಿ-ಆಡಿನ ಸಂಗ, ಕಾಯಿಸದ ಹಾಲು ಆ ರೋಗದ ದಾರಿ. ಕುರಿಗಾರರ ಮನೆಯ ಹುಡುಗ ಈ ವಿದ್ಯೆ ಕಲಿತರೆ ಇಂಥ ಪ್ರಶ್ನೆ ಅವನಿಗೆ ಹತ್ತು ವರ್ಷ ಮೊದಲೇ ಏಳಬಹುದು.

ಕಷ್ಟಗಳನ್ನೂ ಮುಚ್ಚಿಡಬಾರದು. ಜಿಲ್ಲಾ ಮಟ್ಟದ ಎಪಿಡೆಮಿಯಾಲಜಿಸ್ಟ್ ಹುದ್ದೆಗಳು ಹೆಚ್ಚಾಗಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆಯವು. ಜಿಲ್ಲೆಯ ನಾಡಿ ಹಿಡಿಯಲು ಮೂರ್ನಾಲ್ಕು ವರ್ಷ ಬೇಕು, ಅಷ್ಟರಲ್ಲಿ ಕಾಯಂ ನೌಕರಿ ಹುಡುಕಿ ಬೆಂಗಳೂರಿಗೆ ಹೋಗಿಬಿಡುತ್ತಾರೆ. ಅವರ ತಪ್ಪಲ್ಲ. ಪ್ರತಿ ಜಿಲ್ಲೆಗೆ ಈ ಹುದ್ದೆ ಕಾಯಂ ಆಗಿ, ಬಡ್ತಿಯ ದಾರಿ ಸಮೇತ ಇರಬೇಕೆಂದು ನಮ್ಮ ಶಾಸಕರನ್ನು ಕೇಳಬೇಕಾದವರು ನಾವು.

ಊರಿನ ಮರ್ಯಾದೆಯ ಪ್ರಶ್ನೆ ಇನ್ನೊಂದು. "ನಮ್ಮೂರ ಹೆಸರು ಪೇಪರಿನ್ಯಾಗ ಬಂದ್ರ ಹೆಣ್ಣು ಕೊಡಾವ್ರು ಯಾರು?" ಎಂಬ ಅಂಜಿಕೆ ಸುಳ್ಳಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವಿನಲ್ಲಿ ಕೀಲುಮೂಳೆ ಸವೆಯುವ ಕಾಯಿಲೆ ಕಂಡಾಗ, ಬಡ ದಲಿತ ಕುಟುಂಬಗಳು ಗದ್ದೆಯ ಏಡಿ ತಿಂದದ್ದರಿಂದ, ಏಡಿಯಲ್ಲಿ ಸೇರಿದ ಕೀಟನಾಶಕದಿಂದ ಬಂತು ಎಂಬ ಅನುಮಾನ ಹಬ್ಬಿತು. ಮುಂದೆ ಮನೆತನಗಳ ವಂಶಾವಳಿ ಬರೆದು ನೋಡಿದಾಗ ಅದು ಅನುವಂಶೀಯ ಎಂದು ತಿಳಿಯಿತು. ಊರಿನ ಹೆಸರು ಮಾತ್ರ ಕಾಯಿಲೆಗೆ ಅಂಟಿಕೊಂಡು ಉಳಿದುಬಿಟ್ಟಿತು. ಹೆಸರು ಬಚ್ಚಿಡಬೇಕಾದಲ್ಲಿ ಬಚ್ಚಿಡುವುದು, ಗೊತ್ತಾಗುವ ಮೊದಲೇ ಕಾರಣ ಸಾರದಿರುವುದು ಕಲಿಯಬೇಕಾದ ಪಾಠ.

ಈಗ ದಾರಿಯ ಮಾತು. ನೀಟ್‌ನಲ್ಲಿ ಎಂಬಿಬಿಎಸ್ ಸೀಟು ತಪ್ಪಿದರೆ ಆರೋಗ್ಯ ಕ್ಷೇತ್ರದ ಬಾಗಿಲೇ ಮುಚ್ಚಿತು ಎಂದು ಎಷ್ಟೋ ಮನೆಗಳಲ್ಲಿ ಅಳು ನಡೆಯುತ್ತದೆ. ಆ ಅಳು ಬೇಡ. ಎಂಬಿಬಿಎಸ್ ಆದವರಿಗೆ ಸಮುದಾಯ ವೈದ್ಯಶಾಸ್ತ್ರದ ಎಂಡಿ ಇದೆ, ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲೂ ಆ ವಿಭಾಗವಿದೆ. ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ ನಡೆಸುವ ಇಂಡಿಯಾ ಇಐಎಸ್ ಎಂಬ ಎರಡು ವರ್ಷದ ತರಬೇತಿ ವೈದ್ಯರಿಗೆ ಇನ್ನೊಂದು ದಾರಿ. ಆ ಕೇಂದ್ರದ ಮೂಲ 1909ರಲ್ಲಿ ಕಸೌಲಿಯಲ್ಲಿ ಶುರುವಾದ ಮಲೇರಿಯಾ ಬ್ಯೂರೋ ಎಂಬುದನ್ನು ಇಲ್ಲಿ ನೆನೆಯಬೇಕು. ಡಾಕ್ಟರಲ್ಲದವರಿಗೆ ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಎರಡು ವರ್ಷದ ಸ್ನಾತಕೋತ್ತರ ಪದವಿ. ನರ್ಸಿಂಗ್, ಆಯುರ್ವೇದ, ದಂತವೈದ್ಯ, ಪಶುವೈದ್ಯ, ಜೀವವಿಜ್ಞಾನ, ಸಂಖ್ಯಾಶಾಸ್ತ್ರ ಓದಿದವರೂ ಈ ಕಡೆ ಬರಬಹುದು, ಅರ್ಹತೆ ಮಾತ್ರ ಒಂದೊಂದು ಕಡೆ ಒಂದೊಂದು ಥರ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ 1997ರಿಂದ ಈ ಪದವಿ ಕೊಡುತ್ತಿದೆ. ಚೆನ್ನೈನ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್, ಮಣಿಪಾಲ, ಬೆಳಗಾವಿಯ ಜೆಎನ್‌ಎಂಸಿ ಇವೆ. ಅಣ್ಣಿಗೇರಿಯಿಂದ ಬಸ್ಸಿನಲ್ಲಿ ದಿನಾ ಹೋಗಿಬರುವಷ್ಟು ಹತ್ತಿರದ ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ 2016ರಲ್ಲಿ ಶುರುವಾಗಿದೆ, ಅಲ್ಲೂ ಎಂಪಿಎಚ್ ಇದೆ. ಕೀಟಗಳಲ್ಲಿ ಆಸಕ್ತಿಯಿದ್ದರೆ ಪುದುಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರಿನಲ್ಲಿ ಸಾರ್ವಜನಿಕ ಆರೋಗ್ಯ ಕೀಟಶಾಸ್ತ್ರದ ಎಂಎಸ್ಸಿ. ಲೆಕ್ಕದಲ್ಲಿ ಗಟ್ಟಿಯಿದ್ದವರು ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಸಂಖ್ಯಾಶಾಸ್ತ್ರ ಓದಿ ಈ ಕಡೆ ಹೊರಳಬಹುದು. ಕನ್ನಡ ನೆಲದಿಂದ ಹೋದ ಡಾ. ಗಿರಿಧರ ಬಾಬು ಪೋಲಿಯೊ ಸರ್ವೇಕ್ಷಣೆಯಲ್ಲಿ ದುಡಿದು, ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಪಿಎಚ್‌ಡಿ ಮಾಡಿ, ಕೋವಿಡ್ ಕಾಲದಲ್ಲಿ ರಾಜ್ಯದ ತಾಂತ್ರಿಕ ಸಲಹಾ ಸಮಿತಿಯಲ್ಲಿದ್ದರು. ಆ ಸಮಿತಿಯ ಮುಂದಾಳು ಡಾ. ಎಂ.ಕೆ. ಸುದರ್ಶನ್ ಅದಕ್ಕೂ ಮೊದಲು ಹುಚ್ಚುನಾಯಿ ಕಡಿತದ ರೋಗದ ಮೇಲೆ ವರ್ಷಗಟ್ಟಲೆ ದುಡಿದವರು.

ಪದವಿಯಲ್ಲಿರುವಾಗಲೇ ಕೈಗೆತ್ತಿಕೊಳ್ಳಬಹುದಾದ ಕೆಲಸಗಳಿವೆ. ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶ, ನಕ್ಷೆ ಮಾಡುವ ಕ್ಯೂಜಿಐಎಸ್ ಎರಡೂ ಪುಕ್ಕಟೆ ಸಿಗುತ್ತವೆ. ಚೆನ್ನೈನ ಸಂಸ್ಥೆಯವರು ಎನ್‌ಪಿಟಿಇಎಲ್ ಮೂಲಕ ನಡೆಸುವ ಆನ್‌ಲೈನ್ ಪಾಠಗಳನ್ನು ಊರಲ್ಲೇ ಕೂತು ಕೇಳಬಹುದು. ಇಂಗ್ಲಿಷಿಗೆ ಅಂಜಬೇಡಿ, ಓದುತ್ತ ಹೋದಂತೆ ಬರುತ್ತದೆ. ಆಶಾ ಕಾರ್ಯಕರ್ತೆಯರ ಜೊತೆ ಲಾರ್ವಾ ಸರ್ವೆಗೆ ಒಂದು ದಿನ ಹೋಗಿ, ಎಷ್ಟು ಮನೆ ನೋಡಿದಿರಿ, ಎಷ್ಟರಲ್ಲಿ ಮರಿ ಸಿಕ್ಕವು ಎಂದು ಎರಡೂ ಅಂಕಿ ಬರೆದುಕೊಳ್ಳಿ. ಊರಿನ ಹಿರಿಯರ ಹತ್ತಿರ ಕೂತು ಕಳೆದ ಐದು ವರ್ಷದಲ್ಲಿ ತೀರಿಕೊಂಡವರ ಪಟ್ಟಿ ಮಾಡಿ, ಯಾವ ತಿಂಗಳು, ಯಾವ ವಯಸ್ಸು, ಯಾವ ಓಣಿ ಎಂದು ಬರೆದು, ಊರಿನ ಜನಸಂಖ್ಯೆಯಿಂದ ಭಾಗಿಸಿ ನೋಡಿ. ಪಂಚಾಯಿತಿಯ ಅಂಕಿಗೂ ನಿಮ್ಮ ಪಟ್ಟಿಗೂ ತಾಳೆಯಾಗದಿದ್ದರೆ ಬಿಟ್ಟುಹೋದ ಹೆಸರುಗಳು ಯಾರವು ಎಂದು ಹುಡುಕಿ. ಎಂಪಿಎಚ್ ಸಂದರ್ಶನದಲ್ಲಿ ಈ ಕ್ಷೇತ್ರಕ್ಕೆ ಯಾಕೆ ಬಂದಿರಿ ಎಂದು ಕೇಳಿದಾಗ ಆ ಹಾಳೆಯನ್ನು ಮೇಜಿನ ಮೇಲಿಡಿ.